ಹೆಣವಿದ್ದ ಮನೆಯಲ್ಲಿ ಉಂಡವಳು

ಗೋಡೆಯ ಆ ಕಡೆ ಹೆಣ, ಈ ಕಡೆ ಇಡ್ಲಿ. ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕಂಡದ್ದು ಇದು. ಲಾರಿ ಗುದ್ದಿದ ಮನುಷ್ಯನೊಬ್ಬನನ್ನು ತುಮಕೂರು ರಸ್ತೆಯಿಂದ ಎತ್ತಿಕೊಂಡು ಬಂದಿದ್ದರು. ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಮೈತುಂಬ ಬಟ್ಟೆ ಹೊದಿಸಿ, ಹಾಸಿಗೆ ದಿಂಬು ಪೇರಿಸಿಡುವ ಹಿಂದಿನ ಕೋಣೆಗೆ ಅವನನ್ನು ತಳ್ಳಿಕೊಂಡು ಹೋದೆವು. ನನ್ನ ಕೈ ಇನ್ನೂ ನಡುಗುತ್ತಿತ್ತು. ಅಷ್ಟರಲ್ಲಿ ಹಿರಿಯ ನರ್ಸ್ ರೋಸಮ್ಮ ಪಕ್ಕದ ಬಾಗಿಲಿಂದ ಕತ್ತು ಹೊರಗೆ ಹಾಕಿ, ಇಡ್ಲಿ ಆರಿಹೋಗ್ತದೆ ಬಾ ಅಂದರು. ಒಳಗೆ ನೋಡಿದರೆ ಮೂವರು ನರ್ಸುಗಳು ಎಲೆಯ ಪೊಟ್ಟಣ ಬಿಚ್ಚಿಕೊಂಡು, ಯಾವುದೋ ಸಿನಿಮಾದ ಮಾತಾಡುತ್ತಾ, ಚಟ್ನಿ ಸಾಲದು ಎಂದು ಜಗಳವಾಡುತ್ತಾ ತಿನ್ನುತ್ತಿದ್ದರು. ಅವರು ಬೆನ್ನು ಕೊಟ್ಟು ಕುಳಿತಿದ್ದ ಗೋಡೆಯ ಆಚೆಗೇ ಆ ಮನುಷ್ಯ ಮಲಗಿದ್ದ. ಇವರೇನು ಮನುಷ್ಯರೋ ರಾಕ್ಷಸರೋ ಎಂದುಕೊಂಡು ಹೊರಗೆ ಓಡಿದೆ.

ಈಗ ನಾನೂ ಅದೇ ಕೋಣೆಯಲ್ಲಿ, ಅದೇ ಗೋಡೆಗೆ ಒರಗಿಕೊಂಡು ಉಣ್ಣುತ್ತೇನೆ. ಚಟ್ನಿಗೆ ಜಗಳವನ್ನೂ ಆಡುತ್ತೇನೆ.

ನಾನು ಓದಿದ ಹುಬ್ಬಳ್ಳಿಯ ನರ್ಸಿಂಗ್ ಶಾಲೆಯವರು ಈ ಸಲ ಕೋರ್ಸ್ ಮುಗಿಸಿ ಹೊರಡುವ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದ್ದಾರೆ. ಪರಸ್ಥಳದಲ್ಲಿ ಧೈರ್ಯದಿಂದ ಇರುವುದು, ತಮ್ಮ ಆರೋಗ್ಯ ತಾವು ನೋಡಿಕೊಳ್ಳುವುದು, ಇಂಥದ್ದೇನಾದರೂ ಇರಲಿ ಅಂದರು. ನನಗೆ ನಗು ಬಂತು. ದೀಪ ಹಿಡಿಸಿ ಪ್ರಮಾಣ ಮಾಡಿಸಿದ ದಿನ ನಮಗೂ ಬೇಕಾದಷ್ಟು ಮಾತು ಹೇಳಿದ್ದರು. ನಗುಮುಖದಿಂದ ಸೇವೆ ಮಾಡಿ, ರೋಗಿಯೇ ದೇವರು, ದಣಿವು ಎನ್ನಬೇಡಿ. ಉಣ್ಣುವುದು ಯಾವಾಗ ಎಂದು ಒಬ್ಬರೂ ಹೇಳಲಿಲ್ಲ. ಅದಕ್ಕೇ ನಾನು ಊಟದ ಮಾತೊಂದನ್ನೇ ಬರೆಯುತ್ತೇನೆ. ಓದಿ ಸಿಟ್ಟು ಬಂದರೆ ಬರಲಿ.

ನಮ್ಮದು ಗದಗಿನ ಸೀಮೆಯ ಹಳ್ಳಿ. ಓಣಿಯಲ್ಲಿ ಯಾರಾದರೂ ಸತ್ತರೆ ಮಣ್ಣಾಗುವ ತನಕ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಮಕ್ಕಳಿಗೆ ಮುದುಕರಿಗೆ ಕದ್ದುಮುಚ್ಚಿ ಒಂದು ಕಪ್ ಚಹಾ, ಎರಡು ಬಿಸ್ಕೀಟು ನಡೆಯುತ್ತಿತ್ತು. ನಮ್ಮವ್ವ ಅದಕ್ಕೂ ಬಿಡುತ್ತಿರಲಿಲ್ಲ. ಮೊಲೆ ಕುಡಿಯುವ ಕೂಸಿಗೊಂದೇ ಮಾಫಿ. ಇದು ಸೂತಕದ ಮಾತಲ್ಲ, ಅವ್ವ ಸೂತಕಗೀತಕ ನಂಬಿದವಳೇ ಅಲ್ಲ. ಸತ್ತವರಿಗೆ ಕೊಡುವ ಮರ್ಯಾದೆ ಅದು. ಸಣ್ಣವಳಿದ್ದಾಗ ಒಮ್ಮೆ, ಓಣಿಯ ಮಲ್ಲಜ್ಜ ಸತ್ತ ದಿನ, ಹಸಿವೆ ತಾಳದೆ ರೊಟ್ಟಿಯ ಬುಟ್ಟಿಗೆ ಕೈ ಹಾಕಿದ್ದೆ. ಅವ್ವ ಕೈ ಹಿಡಿದುಕೊಂಡು, "ಅಲ್ಲೆ ಮಲ್ಲಜ್ಜ ಕುಂತಾನ, ಇಲ್ಲೆ ನೀ ಹಲ್ಲ ಆಡಸ್ತಿ?" ಅಂದಳು. ಕುಂತಾನ ಅಂದರೆ, ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಭಜನೆ ಮಾಡುತ್ತಾರೆ. ಸತ್ತವರು ಕೂತುಕೊಂಡು ನಮ್ಮನ್ನೇ ನೋಡುತ್ತಿರುವಾಗ ತುತ್ತು ಹೇಗೆ ಇಳಿಯಬೇಕು? ಆಮೇಲೆ ನಾನೆಂದೂ ಕೈ ಹಾಕಲಿಲ್ಲ.

ಆ ಬುದ್ಧಿಯನ್ನು ಗಂಟು ಕಟ್ಟಿಕೊಂಡೇ ಬೆಂಗಳೂರಿನ ಈ ತುದಿಗೆ ಬಂದೆ. ಮೊದಲು ಇರಲಿಕ್ಕೆ ಜಾಗ ಸಿಗಬೇಕಲ್ಲ. ನರ್ಸು ಎಂದ ಕೂಡಲೇ ಮನೆಯವರು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು. ರಾತ್ರಿ ಪಾಳಿ ಇರುತ್ತಾ, ಯಾರು ಬಿಡೋಕೆ ಬರ್ತಾರೆ, ಮದುವೆ ಯಾಕೆ ಆಗಿಲ್ಲ ಎಂಬ ಪ್ರಶ್ನೆ. ಸಾಯುವಾಗ ನೀರು ಹಾಕಲು ನಾವು ಬೇಕು, ಬಾಡಿಗೆಗೆ ಬೇಡ. ಕೊನೆಗೆ ಚಿಕ್ಕಬಾಣಾವರದಲ್ಲಿ ಲಕ್ಕಮ್ಮನವರ ಮನೆಯ ಹಿತ್ತಲಲ್ಲಿ ಒಂದು ರೂಮು ಸಿಕ್ಕಿತು. ದನದ ಕೊಟ್ಟಿಗೆಯನ್ನೇ ಭಾಗ ಮಾಡಿ, ಮೇಲೆ ಶೀಟು ಹೊದಿಸಿ, ಸಾಲು ರೂಮು ಮಾಡಿದ್ದರು. ಜಮೀನು ಕಾರ್ಖಾನೆಗೆ ಹೋಯ್ತು, ಹಸ ಮಾರಿ ನಿಮ್ಮನ್ನ ಕಟ್ಕೊಂಡಿದ್ದೀವಿ ಎಂದು ಲಕ್ಕಮ್ಮನವರೇ ನಗುತ್ತಿದ್ದರು. ಅಕ್ಕಪಕ್ಕದ ರೂಮುಗಳಲ್ಲಿ ಲೇತ್ ಮಿಷನ್ನಿನ ಕೆಲಸದ ತಮಿಳು ಹುಡುಗರು. ಮಧ್ಯಾಹ್ನ ಆ ಶೀಟಿನ ಕೆಳಗೆ ಮಲಗಿದರೆ ಹಂಚಿನ ಮೇಲೆ ಬಿದ್ದ ರೊಟ್ಟಿಯ ಪಾಡು.

ಲಕ್ಕಮ್ಮನವರು ಮೊದಲ ಸಂಜೆ ಮುದ್ದೆ, ಉಪ್ಸಾರು ಕೊಟ್ಟರು. ಉಪ್ಸಾರು ಅಂದರೆ ಸೊಪ್ಪು ಕಾಳು ಬೇಯಿಸಿದ ನೀರಿಗೆ ಉಪ್ಪು, ಪಕ್ಕದಲ್ಲಿ ಒಂದಿಷ್ಟು ರುಬ್ಬಿದ ಖಾರ. ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುತ್ತಾ ಕೂತೆ. ಹಲ್ಲಿಗೆಲ್ಲಾ ಮೆತ್ತಿಕೊಂಡಿತು. ಅಗೀಬ್ಯಾಡ ಕಣಮ್ಮ, ಇಂಗೆ ನುಂಗು ಎಂದು ಅವರ ಸೊಸೆ ಮೊಮ್ಮಕ್ಕಳೆಲ್ಲ ಸುತ್ತ ನಿಂತು ತೋರಿಸಿಕೊಟ್ಟರು. ನನ್ನ ಮಾತು ಕೇಳಿಯೂ ನಗುತ್ತಿದ್ದರು. ಎರಡೂ ಕನ್ನಡವೇ, ಆದರೆ ನಾನು ಬಾಯಿ ಬಿಟ್ಟರೆ ನಾಟಕ ನೋಡಿದ ಹಾಗೆ ಕಣ್ಣರಳಿಸುತ್ತಿದ್ದರು. ಊರಲ್ಲಿ ಗಂಗವ್ವ ಆಗಿದ್ದವಳು ಇಲ್ಲಿ ಕೆಲಸದಲ್ಲಿ ಗಂಗಾ ಸಿಸ್ಟರ್, ಹಿತ್ತಲಲ್ಲಿ ನರ್ಸಮ್ಮ. ಸಂಜೆ ಹುಬ್ಬಳ್ಳಿಯ ಕಡೆ ಹೋಗುವ ರೈಲು ಚಿಕ್ಕಬಾಣಾವರದಲ್ಲಿ ನಿಲ್ಲದೆ ಕೂಗುತ್ತಾ ಹೋಗುವುದು. ಬಟ್ಟೆ ಒಗೆಯುತ್ತಿದ್ದವಳು ಕೈ ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದೆ. ಅಳು ಬರುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನು.

ಕೆಲಸದ ಮಾತಿಗೆ ಬರುತ್ತೇನೆ. ನಮ್ಮದು ಖಾಸಗಿ ನರ್ಸಿಂಗ್ ಹೋಂ, ಹೆಸರು ಬೇಡ. ಕೆಳಗೆ ಹೆರಿಗೆ, ಮೇಲೆ ಗಾಯಾಳುಗಳು. ಸುತ್ತಲೂ ಪ್ರೆಸ್ಸು, ಲೇತು, ಕಬ್ಬಿಣ ಕರಗಿಸುವ ಫೌಂಡ್ರಿ. ಬೆರಳು ಹೋದವರು, ಕಣ್ಣಿಗೆ ಕಿಡಿ ಸಿಡಿದವರು, ಮೈ ಸುಟ್ಟವರು ಬರುತ್ತಲೇ ಇದ್ದರು. ಊಟಕ್ಕೆ ಇಂಥ ಹೊತ್ತು ಎಂದು ಇರಲಿಲ್ಲ, ಯಾರಿಗೆ ಯಾವಾಗ ಕೈ ಖಾಲಿಯೋ ಆಗ. ಕೂತರೆ ದೊಡ್ಡ ಡಾಕ್ಟರಿಗೆ ಆಗುತ್ತಿರಲಿಲ್ಲ. ನರ್ಸು ಕೂತಿದ್ದಾಳೆ ಅಂದರೆ ಕೆಲಸ ಇಲ್ಲ ಎಂದೇ ಅರ್ಥ ಅವರಿಗೆ. ಅವರು ಮಾತ್ರ ಮಧ್ಯಾಹ್ನ ಮನೆಗೆ ಹೋಗಿ ಉಂಡು, ಮಲಗಿ, ಮುಖ ತೊಳೆದು ಪೌಡರ್ ಹಚ್ಚಿಕೊಂಡು ಬರುತ್ತಿದ್ದರು.

ಊರಲ್ಲಿ ಸತ್ತವರನ್ನು ಸಂಜೆಯೊಳಗೆ ಮಣ್ಣು ಮಾಡುತ್ತಾರೆ, ಆಮೇಲೆ ಸ್ನಾನ, ಊಟ. ಹಸಿವೆಗೂ ಒಂದು ಕೊನೆ ಇರುತ್ತದೆ. ಇಲ್ಲಿ ಹಾಗಲ್ಲ. ಸತ್ತವರು ಸೇಲಂ ಕಡೆಯವರು, ಅನಂತಪುರದ ಕಡೆಯವರು. ಪೊಲೀಸರು ಬರಬೇಕು, ಊರಿಂದ ಜನ ಬರಬೇಕು, ಅಲ್ಲಿಯವರೆಗೆ ಆ ಹಿಂದಿನ ಕೋಣೆಯೇ ಗತಿ. ಒಬ್ಬರನ್ನು ಒಯ್ಯುವಷ್ಟರಲ್ಲಿ ಇನ್ನೊಬ್ಬರು. ನಾನು ನನ್ನ ಡಬ್ಬಿ ಮುಟ್ಟುತ್ತಿರಲಿಲ್ಲ. ನೀರು ಕುಡಿಯುತ್ತಿದ್ದೆ, ಅಷ್ಟೆ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಹಸಿದ ನಾಯಿಯ ಹಾಗೆ ಅನ್ನ ಕಲಸುತ್ತಿದ್ದೆ. ಆದರೆ ಅಲ್ಲಿ ಹೆಣ ಇನ್ನೂ ಇದೆಯಲ್ಲ ಎಂದು ನೆನಪಾದರೆ ಅದೂ ಸೇರುತ್ತಿರಲಿಲ್ಲ. ಮೈ ಇಳಿಯಿತು, ಸೀರೆ ಸೊಂಟದಲ್ಲಿ ನಿಲ್ಲದಾಯಿತು. ಹೊಸದಲ್ವಾ, ಹೊಂದಿಕೊಳ್ತಾಳೆ ಎಂದು ಎಲ್ಲರೂ ಅಂದುಕೊಂಡರು. ನಾನು ಬಾಯಿ ಬಿಡಲಿಲ್ಲ. ಏನೆಂದು ಹೇಳುವುದು? ಅವರನ್ನು ರಾಕ್ಷಸರು ಎಂದುಕೊಂಡಿದ್ದೆನಲ್ಲ.

ಹೀಗಿರುವಾಗ ಫೌಂಡ್ರಿಯಿಂದ ಮೈ ಸುಟ್ಟ ಒಬ್ಬನನ್ನು ತಂದರು. ನಮ್ಮ ರೋಣದ ಕಡೆಯವನು. ಡ್ರೆಸಿಂಗ್ ಮಾಡುವಾಗ ನನ್ನ ಮಾತು ಕೇಳಿ, ಅಕ್ಕಾ ನೀವು ನಮ್ಮ ಕಡೆಯವರಲ್ಲೇನು ಅಂದ. ಅಷ್ಟು ನೋವಿನಲ್ಲೂ ಅವನ ಮುಖ ಅರಳಿತು. ಜೋಳದ ರೊಟ್ಟಿ ಎಲ್ಲಿ ಸಿಗ್ತಾವ ಇಲ್ಲೆ ಎಂದು ಕೇಳಿದ. ನಾಳೆ ಮಾಡಿಕೊಂಡು ಬರ್ತೀನಿ ಅಂದೆ. ಲಕ್ಕಮ್ಮನವರ ಒಲೆಯಲ್ಲಿ, ಎಲ್ಲಿಂದಲೋ ತರಿಸಿದ ಹಿಟ್ಟಿನಲ್ಲಿ ರೊಟ್ಟಿ ಬಡಿದುಕೊಂಡು ಹೋದರೆ ಮಂಚ ಖಾಲಿ. ಹಿಂದಿನ ಕೋಣೆಗೆ ಹಾಕಿದ್ದರು. ಅವನ ಮನೆಯವರು ಬರಲು ಮೂರು ದಿನ ಹಿಡಿಯಿತು. ಫ್ಯಾಕ್ಟರಿಯವರು ಬರ್ಫದ ಗಡ್ಡೆ ತಂದು ಸುತ್ತಲೂ ಇಟ್ಟು ಹೋದರು. ಮೊದಲ ಎರಡು ದಿನ ನಾನು ಒಂದು ಅಗುಳು ಮುಟ್ಟಲಿಲ್ಲ. ನಮ್ಮ ಕಡೆಯವನು, ಅವನ ಪಾಲಿಗೆ ಇಲ್ಲಿ ಇದ್ದವಳು ನಾನೊಬ್ಬಳೇ ಎಂದು ಹಟ.

ಮೂರನೆಯ ದಿನ ಕೆಳಗೆ ಒಂದು ಹೆರಿಗೆಯಾಯಿತು. ಕೂಸನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಾಯಿಯ ಹತ್ತಿರ ಕೊಡಲು ವರಾಂಡದಲ್ಲಿ ಬರುತ್ತಿದ್ದೆ. ನಡುವೆ ಕಣ್ಣು ಕತ್ತಲೆಗಟ್ಟಿತು. ಕೈ ಸಡಿಲವಾದದ್ದು ನನಗೆ ಗೊತ್ತಾಯಿತು, ಬಿಗಿ ಹಿಡಿಯಲು ಆಗಲಿಲ್ಲ. ಎದುರಿಂದ ಬರುತ್ತಿದ್ದ ರೋಸಮ್ಮ ಕೈಯಲ್ಲಿದ್ದ ಟ್ರೇ ಬಿಸಾಕಿ ಕೂಸನ್ನು ಹಿಡಿದುಕೊಂಡರು. ನಾನು ಮುಖ ಅಡಿಯಾಗಿ ಬಿದ್ದೆ. ಮುಂದಿನ ಹಲ್ಲಿನ ತುದಿ ಮುರಿದದ್ದು ಆಗಲೇ. ಈಗಲೂ ಹಾಗೇ ಇದೆ, ನಕ್ಕಾಗ ಕಾಣುತ್ತದೆ.

ದೊಡ್ಡ ಡಾಕ್ಟರು ಬಂದು, ಉಪವಾಸ ಮಾಡೋದಾದ್ರೆ ಯಾವುದಾದ್ರೂ ಮಠ ಸೇರ್ಕೋ, ಇನ್ನೊಂದು ಸಲ ಹೀಗಾದ್ರೆ ಪೆಟ್ಟಿಗೆ ಕಟ್ಟು ಅಂದರು. ಊಟಕ್ಕೆ ಹೊತ್ತು ಕೊಡದವರು ಉಪವಾಸಕ್ಕೆ ಬೈದರು. ಪೆಟ್ಟಿಗೆ ಕಟ್ಟುವುದೆಂದರೆ ನನಗೆ ಏನೆಂದು ಅವರಿಗೇನು ಗೊತ್ತು. ಊರಿಗೆ ಹೋದರೆ ಸೋದರಮಾವನ ಮಗನಿಗೆ ಕಟ್ಟಿ ಕೈ ತೊಳೆದುಕೊಳ್ಳಲು ಎಲ್ಲರೂ ಕಾದಿದ್ದರು. ಬೇಡ ಎಂದು ಅವ್ವ ಒಬ್ಬಳೇ ಎದುರು ನಿಂತು ನನ್ನನ್ನು ಓದಲು ಕಳಿಸಿದ್ದಳು. ಅವಳ ಮಾತು ಉಳಿಸಬೇಕಾದರೆ ಇಲ್ಲಿ ಉಳಿಯಬೇಕು, ಇಲ್ಲಿ ಉಳಿಯಬೇಕಾದರೆ ಅವಳ ಮಾತು ಮೀರಬೇಕು.

ರೋಸಮ್ಮ ಬೈಯಲಿಲ್ಲ. ಕೋಲಾರದ ಚಿನ್ನದ ಗಣಿಯ ಕಡೆಯವರು ಅವರು, ಗಣಿಯೊಳಗೆ ಅಪ್ಪನನ್ನು ಕಳೆದುಕೊಂಡವರು. ನನ್ನ ತುಟಿಯ ರಕ್ತ ಒರೆಸಿ, ಆ ಊಟದ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ವಿಷಯ ಏನು ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಡಬ್ಬಿಯ ಮೊಸರನ್ನ ನನ್ನ ಮುಂದೆ ತೆಗೆದಿಟ್ಟರು.

"ನಿಮ್ಮೂರಲ್ಲಿ ಯಾವಾಗ್ಲೋ ಒಬ್ರು ಸಾಯ್ತಾರೆ. ಇಲ್ಲಿ ದಿನಾ ಸಾಯ್ತಾರೆ. ಯಾರ್ಯಾರಿಗೆ ಅಂತ ಹಸ್ಕೊಂಡಿರ್ತೀಯಮ್ಮಾ? ಆ ಮಗು ಕೆಳಗೆ ಬಿದ್ದಿದ್ರೆ ಅದಕ್ಕೆಷ್ಟು ದಿನ ಉಪವಾಸ ಇರ್ತಿದ್ದೆ?"

ಗೋಡೆಯ ಆಚೆ ರೋಣದ ಹುಡುಗ ಇನ್ನೂ ಇದ್ದ. ನಾನು ತಿಂದೆ. ಒಡೆದ ತುಟಿಗೆ ಮೊಸರು ಉರಿಯಿತು. ಒಂದೊಂದು ತುತ್ತಿಗೂ ಅವ್ವ ಕೈ ಹಿಡಿದ ಹಾಗಾಗುತ್ತಿತ್ತು, ರೋಸಮ್ಮ ನುಂಗು ನುಂಗು ಎಂದು ಕೂತಿದ್ದರು. ಡಬ್ಬಿ ಖಾಲಿಯಾಗುವ ತನಕ ಅವರು ಎದ್ದು ಹೋಗಲಿಲ್ಲ. ತಾವು ಆ ದಿನ ಏನು ತಿಂದರು ಎಂದು ನನಗೆ ಗೊತ್ತಿಲ್ಲ.

ಆಮೇಲೆ ರೂಢಿಯಾಯಿತು. ಹೇಳಲು ಇಷ್ಟು ಸುಲಭ. ನಾವೆಲ್ಲ ಸೇರಿ ಡಾಕ್ಟರ ಹೆಂಡತಿಯ ಮೂಲಕ ಹೇಳಿಸಿ, ಊಟಕ್ಕೆ ಪಾಳಿ ಮಾಡಿಸಿಕೊಂಡೆವು. ಒಬ್ಬಳು ಉಣ್ಣುವಾಗ ಇನ್ನೊಬ್ಬಳು ಅವಳ ರೋಗಿಗಳನ್ನು ನೋಡುವುದು, ಒಳಗಿನಿಂದ ಚಿಲಕ ಹಾಕಿಕೊಳ್ಳುವುದು, ಯಾರು ಕೂಗಿದರೂ ಬಾಯಿಯ ತುತ್ತು ನುಂಗಿಯೇ ಏಳುವುದು. ಒಂದು ಚಿಲಕಕ್ಕಾಗಿ ಎಷ್ಟು ದಿನ ಗುದ್ದಾಡಿದೆವು ಎಂದರೆ ನೀವು ನಂಬುವುದಿಲ್ಲ. ನಾನು ಮೈ ತುಂಬಿಕೊಂಡೆ, ಕೈ ನಡುಗುವುದು ನಿಂತಿತು. ಎಷ್ಟು ಬಡಕಲು ಕೈಯಾದರೂ ನರ ಹುಡುಕಿ ಸೂಜಿ ಚುಚ್ಚುವವಳು ನಾನೇ ಎಂದಾಯಿತು. ಹೊಸ ಹುಡುಗಿ ಬಂದರೆ ನಾನೇ ಬಾಗಿಲಿಂದ ಕತ್ತು ಹಾಕಿ, ಇಡ್ಲಿ ಆರಿಹೋಗ್ತದೆ ಬಾ ಅನ್ನುತ್ತಿದ್ದೆ. ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು.

ಚಿಕ್ಕಬಾಣಾವರದಲ್ಲಿ ಒಂದು ದಿನ ಲಕ್ಕಮ್ಮನವರ ಬೀದಿಯಲ್ಲೇ ಹಿರಿಯರೊಬ್ಬರು ತೀರಿಕೊಂಡರು. ನಾನು ಡ್ಯೂಟಿ ಮುಗಿಸಿ ಬರುವಾಗ ಬೀದಿಯ ಯಾವ ಮನೆಯಲ್ಲೂ ಹೊಗೆ ಇರಲಿಲ್ಲ. ಲಕ್ಕಮ್ಮನವರು ಹಿತ್ತಲಲ್ಲಿ ನಿಂತು, ಸ್ಟವ್ ಹಚ್ಚಿ ಮೊಟ್ಟೆ ಹುರಿಯುತ್ತಿದ್ದ ಲೇತ್ ಹುಡುಗರ ಜನ್ಮ ಜಾಲಾಡುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಇಷ್ಟು ದಿನ ಇದು ಬೆಂಗಳೂರು, ಇಲ್ಲಿಗೆ ಇಂಥದ್ದೆಲ್ಲ ಗೊತ್ತಿಲ್ಲ ಎಂದುಕೊಂಡಿದ್ದೆ. ನನ್ನ ಅವ್ವನೇ ಹಿತ್ತಲಲ್ಲಿ ನಿಂತ ಹಾಗಿತ್ತು. ನನ್ನನ್ನು ನೋಡಿ ಅವರ ದನಿ ಇಳಿಯಿತು. ನರ್ಸಮ್ಮ ನೋಡ್ರೋ, ಬೆಳಗ್ಗೆಯಿಂದ ಹಸ್ಕೊಂಡು ಅಂಗೇ ಅವ್ಳೆ, ಅವ್ಳು ನಮ್ಮೋಳು ಎಂದು ಹುಡುಗರಿಗೆ ಹೇಳಿದರು. ಮಧ್ಯಾಹ್ನ ನಾನು ಗೋಡೆಗೆ ಒರಗಿ ಪುಳಿಯೋಗರೆ ಉಂಡು ಬಂದಿದ್ದೆ. ನಮ್ಮೋಳು ಎಂದು ಈ ಊರಲ್ಲಿ ಯಾರಾದರೂ ಅಂದದ್ದು ಅದೇ ಮೊದಲು. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ಸುಮ್ಮನೆ ಒಳಗೆ ಹೋದೆ.

ಮುಂದಿನ ವರ್ಷ ನರ್ಸಿಂಗ್ ಹೋಮಿಗೆ ತಂತಿ ಬಂತು. ಅವ್ವ ಹೋಗಿಬಿಟ್ಟಿದ್ದಳು. ಎದೆನೋವು ಅಂದಳಂತೆ, ಗದಗಿಗೆ ಒಯ್ಯಲು ಗಾಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು. ಸಾವಿರ ಮಂದಿಯ ನಾಡಿ ಹಿಡಿದವಳು ನಾನು, ಅವ್ವನ ಕೈ ಹಿಡಿಯಲು ಇರಲಿಲ್ಲ. ಚಿಕ್ಕಬಾಣಾವರದಲ್ಲಿ ನಿಲ್ಲದ ಅದೇ ರೈಲನ್ನು ಬೆಂಗಳೂರಿನ ದೊಡ್ಡ ಸ್ಟೇಷನ್ನಿಗೆ ಹೋಗಿ ಹತ್ತಿದೆ.

ಪಡಸಾಲೆಯಲ್ಲಿ ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಹಸಿರು ಸೀರೆ. ಅಣ್ಣ ಮುಂಬಯಿಯಿಂದ ಬರಬೇಕಿತ್ತು, ಅವನು ಬಂದ ಮೇಲೆಯೇ ಮಣ್ಣು ಎಂದು ತೀರ್ಮಾನವಾಗಿತ್ತು. ಹಿಂದಿನ ದಿನದಿಂದ ಮನೆಯಲ್ಲಿ ಯಾರೂ ಏನೂ ಮುಟ್ಟಿರಲಿಲ್ಲ. ಅವ್ವನ ಮನೆ ಅದು, ಅವ್ವನ ರೀತಿಯೇ ನಡೆಯುತ್ತಿತ್ತು. ನಾನೂ ರೈಲಿನಲ್ಲಿ ಏನೂ ತಿಂದಿರಲಿಲ್ಲ. ಅವಳ ಮುಂದೆ ಹಸಿದು ಕೂರುವುದರಲ್ಲಿ ಒಂದು ಸಮಾಧಾನವಿತ್ತು. ಇಲ್ಲಿ ನಾನು ಗಂಗವ್ವನೇ ಎಂದುಕೊಂಡೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನದ ಹೊತ್ತಿಗೆ ಅವನನ್ನು ನೋಡಿದರೆ ಹಣೆಯಲ್ಲಿ ಬೆವರು, ಕೈ ಸಣ್ಣಗೆ ನಡುಗುತ್ತಿದೆ, ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಿದ್ದಾನೆ. ದುಃಖಕ್ಕೆ ಹಿಂಗಾಗೇತಿ ಎಂದು ಚಿಗವ್ವ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಮಾತ್ರೆ ತಗೊಂಡಿಯೇನಪ್ಪಾ ಅಂದೆ. ಬೆಳಿಗ್ಗೆ ತಗೊಂಡೆ, ನಿಮ್ಮವ್ವ ದಿನಾ ಕೊಡತಿದ್ಲಲ್ಲ ಅಂದ. ಖಾಲಿ ಹೊಟ್ಟೆಗೆ ಸಕ್ಕರೆ ಕಾಯಿಲೆಯ ಮಾತ್ರೆ. ರಕ್ತದ ಸಕ್ಕರೆ ಇಳಿಯುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ತಪ್ಪುತ್ತದೆ, ಆಮೇಲೆ ಎರಡು ಹೆಣ. ಇದು ನನಗೆ ಗೊತ್ತಿತ್ತು, ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಒಳಗೆ ಹೋಗಿ ಬೆಲ್ಲ ಕುಟ್ಟಿ ನೀರಿಗೆ ಹಾಕಿದೆ. ದೇವರ ಮುಂದಿದ್ದ ಬಾಳೆಹಣ್ಣು ಕಿತ್ತುಕೊಂಡು ಬಂದೆ. ಭಜನೆಯವರು ಹಾಡುವುದು ನಿಲ್ಲಿಸಿದರು. ಅಪ್ಪ ಬಾಯಿ ಬಿಗಿ ಹಿಡಿದ. ಎತ್ತಿ ಒಳಗೆ ಒಯ್ಯೋಣವೆಂದರೆ ಅವ್ವನ ಹತ್ತಿರದಿಂದ ಏಳಲೊಲ್ಲ.

"ನಿಮ್ಮವ್ವ ಇನ್ನ ಕುಂತಾಳ," ಅಂದ. "ನನಗ ಉಣ್ಣಂತಿ, ನೀ ತಿಂತಿಯೇನ ಆಕಿ ಮುಂದ?"

ನಾನು ಅವ್ವನ ಕಡೆ ನೋಡಲಿಲ್ಲ. ಹಣ್ಣು ಸುಲಿದು ಮೊದಲ ತುಂಡು ನನ್ನ ಬಾಯಿಗೆ ಹಾಕಿಕೊಂಡೆ. ಅಗಿದೆ, ನುಂಗಿದೆ, ಬಾಯಿ ತೆರೆದು ತೋರಿಸಿದೆ. ಪೀಣ್ಯದಲ್ಲಿ ಹಟ ಮಾಡುವ ರೋಗಿಗಳಿಗೆ ತೋರಿಸುವ ಹಾಗೆ. ಅಪ್ಪ ನನ್ನ ಮುಖವನ್ನೇ ನೋಡುತ್ತಾ ಬಾಯಿ ಬಿಟ್ಟ. ಬೆಲ್ಲದ ನೀರು ಕುಡಿಸಿದೆ, ಹಣ್ಣು ತಿನ್ನಿಸಿದೆ. ಅವನ ಗದ್ದ ಒರೆಸುವಾಗ ನನ್ನ ಕೈ ನಡುಗಲಿಲ್ಲ. ಬೆವರು ನಿಂತಿತು, ಮಾತು ಸರಿಯಾಯಿತು. ಸರಿಯಾದ ಮೇಲೆ ಅವನು ಅವ್ವನ ಕಡೆ ತಿರುಗಿ, ಮುಖ ಮುಚ್ಚಿಕೊಂಡು ಅತ್ತ.

ಬೆಂಗಳೂರಾಗ ಇದನ್ನ ಕಲತು ಬಂದಿ ಎಂದು ಚಿಗವ್ವ ಅಂದಳು. ನಾನು ಹೌದು ಅಂದೆ. ಸಕ್ಕರೆ ಕಾಯಿಲೆಯೆಂದರೆ ಏನು ಎಂದು ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆದರೆ ಅಣ್ಣ ಬಂದು ಮಣ್ಣಾಗಿ ಎಲ್ಲರೂ ಸ್ನಾನ ಮಾಡಿ ಊಟಕ್ಕೆ ಕೂತಾಗ ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ತಿಂದವಳಿಗೆ ಹಸಿವು ಎಲ್ಲಿಂದ ಬರಬೇಕು ಎಂದು ಯಾರೋ ಅಂದರು.

ಅದಕ್ಕೇ ಹುಡುಗಿಯರೇ, ಹೇಳುತ್ತೇನೆ ಕೇಳಿ. ಉಣ್ಣಿರಿ. ಯಾರು ಸತ್ತಿರಲಿ, ಹೊತ್ತಿಗೆ ಸರಿಯಾಗಿ, ಬಾಗಿಲಿಗೆ ಚಿಲಕ ಹಾಕಿಕೊಂಡು ಉಣ್ಣಿರಿ. ಕೂಸುಗಳು ನಿಮ್ಮ ಕೈಯಲ್ಲಿರುತ್ತವೆ. ಸೇವೆ, ತ್ಯಾಗ ಎಂದು ಭಾಷಣ ಮಾಡುವವರು ಮನೆಗೆ ಹೋಗಿ ಉಂಡೇ ಬಂದಿರುತ್ತಾರೆ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಇದನ್ನು ಕಲಿತ ಮೇಲೆ ಊರಲ್ಲಿ ನಿಮ್ಮ ಜಾಗ ಎಲ್ಲಿ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಅಪ್ಪ ಗಟ್ಟಿಮುಟ್ಟಾಗಿ ಇದ್ದಾನೆ. ಊರಿಗೆ ಹೋದಾಗಲೆಲ್ಲ ನನ್ನ ಸಂಗಡ ಮಾತಾಡುತ್ತಾನೆ, ರೈಲು ಎಷ್ಟು ತಡ ಎಂದು ಕೇಳುತ್ತಾನೆ, ತನ್ನ ಮಾತ್ರೆ ತೋರಿಸುತ್ತಾನೆ, ಬರುವಾಗ ಸ್ಟೇಷನ್ನಿನ ತನಕ ಬರುತ್ತಾನೆ. ಅವ್ವ ಹೋದ ಮೇಲೆ ಅಣ್ಣ ಅತ್ತಿಗೆಯನ್ನು ಊರಲ್ಲೇ ಬಿಟ್ಟಿದ್ದಾನೆ. ಕಳೆದ ಸಲ ಅವಳು ಹಿತ್ತಲಲ್ಲಿದ್ದಳು, ಉಣ್ಣುವ ಹೊತ್ತು ಮೀರುತ್ತಿತ್ತು. ನಾನೇ ರೊಟ್ಟಿ ಬಡಿದು, ತಾಟಿಗೆ ಹಾಕಿ, ಅವನ ಮುಂದೆ ಇಟ್ಟೆ. ಅಪ್ಪ ತಾಟಿನ ಕಡೆ ನೋಡಿದ. ಸಿಟ್ಟು ಮಾಡಲಿಲ್ಲ.

"ನಿನ್ನ ಕೈಲೆ ಒಮ್ಮೆ ತಿಂದೇನಿ ಗಂಗವ್ವ, ಸಾಕು," ಅಂದ. "ಸೊಸೀನ್ನ ಕರಿ."

ಕರೆದೆ. ಅತ್ತಿಗೆ ಬಂದು ಬೇರೆ ತಾಟಿನಲ್ಲಿ ಅದೇ ರೊಟ್ಟಿ ಹಾಕಿ ಕೊಟ್ಟಳು. ನಾನು ಬಾಗಿಲ ಹೊರಗೆ ನಿಂತು, ಅವನು ಹೊಟ್ಟೆ ತುಂಬ ಉಂಡು ಕೈ ತೊಳೆಯುವವರೆಗೂ ನೋಡಿದೆ.